ಇಂಗ್ಲಿಷಿನ ‘ಅ’ (a) ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ‘ಶೀ ಈಸ್ ಟೀಚರ್’ ತಪ್ಪಂತೆ, ‘ಶೀ ಈಸ್ ಸೆಕ್ರೆಟರಿ ಆಫ್ ದ ಸಂಘ’ ಸರಿಯಂತೆ. ಇದೆಂಥ ನ್ಯಾಯ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕನ್ನಡದ ‘ಅವಳು ಟೀಚರು’ ಎಂಬುದರಲ್ಲಿ ‘ಈಸ್’ ಕೂಡ ಇಲ್ಲ, ‘ಅ’ ಕೂಡ ಇಲ್ಲ. ನಿಮ್ಮೂರಿನ ಮರಾಠಿಯಲ್ಲಿ ‘ಆಹೇ’ ಬರುತ್ತದೆ, ‘ಅ’ ಮಾತ್ರ ಅಲ್ಲೂ ಇಲ್ಲ. ಹಾಗಾಗಿ ನಾವು ಎಡವುವುದು ಸಹಜ. ಇಂಗ್ಲಿಷಿನಲ್ಲಿ ‘ಈಸ್’, ‘ಬಿಕೇಮ್’ ಆದಮೇಲೆ ಎಣಿಸಬಹುದಾದ ಏಕವಚನ ನಾಮಪದ ಬಂದರೆ ಸಾಮಾನ್ಯವಾಗಿ ‘ಅ’ ಬೇಕು: ‘ಶೀ ಈಸ್ ಅ ಟೀಚರ್’. ಟೀಚರುಗಳು ಸಾವಿರಾರು, ಇವಳು ಅವರಲ್ಲೊಬ್ಬಳು. ಸಂಘಕ್ಕೆ ಕಾರ್ಯದರ್ಶಿ ಒಬ್ಬರೇ ಆದ್ದರಿಂದ ಅಲ್ಲಿ ಬಿಡಬಹುದು. ‘ದ’ ಹಾಕಿದರೂ ತಪ್ಪಲ್ಲ. ಜಂಟಿ ಕಾರ್ಯದರ್ಶಿಗಳು ಮೂವರಿದ್ದರೆ ಮತ್ತೆ ‘ಅ’ ಹಾಜರ್. ‘ಟರ್ನ್’ ಮಾತ್ರ ಹಟಮಾರಿ, ಅದಕ್ಕೆ ‘ಅ’ ಬೇಡ: ‘ಹೀ ಟರ್ನ್ಡ್ ಟ್ರೇಟರ್’ (ಅವನು ದ್ರೋಹಿಯಾದ), ಆದರೆ ‘ಹೀ ಬಿಕೇಮ್ ಅ ಟ್ರೇಟರ್’.