ಹಳೆಯ ಹ್ಯುಮಿಡಾರ್ ಒಳಗಿರುವ ಮರ ಯಾವುದು?

ಸಿಗಾರ್ ಒಣಗದಂತೆ ತೇವದಲ್ಲಿಡುವ ಹಳೆಯ ಪೆಟ್ಟಿಗೆ (ಹ್ಯುಮಿಡಾರ್) ಸಿಕ್ಕಿದೆ, ಒಳಗೆ ತಿಳಿ ಕೆಂಪು ಮರವಿದೆ, ಯಾವುದದು ಅಂತ ಕೇಳಿದ್ದೀರಿ. ಹೆಚ್ಚಾಗಿ ಸ್ಪ್ಯಾನಿಷ್ ಸೀಡರ್ ಇರುತ್ತದೆ. ಹೊರಮೈ ನೋಡಿ ತೀರ್ಮಾನಿಸಬೇಡಿ, ಅಲ್ಲಿ ಯಾವ ಮರದ ತೆಳು ಹಾಳೆ ಬೇಕಾದರೂ ಅಂಟಿಸಿರುತ್ತಾರೆ.

ಮೊದಲು ಮೂಸಿ ನೋಡಿ. ವಾಸನೆ ಸತ್ತಿದ್ದರೆ, ಕಾಣದ ಮೂಲೆಯಲ್ಲಿ ನಯವಾದ ಮರಳುಕಾಗದದಿಂದ ಎರಡು ಸಲ ಉಜ್ಜಿ. ಸಿಹಿ ಬೆರೆತ ಖಾರದ ಘಾಟು ಎದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ. ಮಹಾಗನಿ, ಆಫ್ರಿಕದ ಒಕುಮೆ ಮರ ಕೂಡ ಬಳಸುತ್ತಾರೆ, ಆದರೆ ಅವಕ್ಕೆ ಹೇಳಿಕೊಳ್ಳುವಂಥ ವಾಸನೆ ಇಲ್ಲ.

ಇನ್ನರ್ಧಕ್ಕೆ ಒಳಗಿನ ಅಡ್ಡಹಲಗೆ ಎತ್ತಿ, ಅದರ ಕೊಯ್ದ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ಭೂತಗನ್ನಡಿಯಲ್ಲಿ ನೋಡಿ. ಬೆಳವಣಿಗೆಯ ಉಂಗುರದ ಗುಂಟ ದೊಡ್ಡ ರಂಧ್ರಗಳು ಸಾಲುಗಟ್ಟಿದ್ದರೆ ಸ್ಪ್ಯಾನಿಷ್ ಸೀಡರ್. ಮಹಾಗನಿಯಲ್ಲಿ ರಂಧ್ರಗಳು ಎಲ್ಲೆಡೆ ಚೆದುರಿರುತ್ತವೆ, ತೂಕವೂ ಸಾಮಾನ್ಯವಾಗಿ ಜಾಸ್ತಿ. ರಂಧ್ರವೇ ಕಾಣದೆ, ನೇರಳೆಗೆಂಪು ಬಣ್ಣ, ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಅದು ಅಮೆರಿಕದ ಕೆಂಪು ಸೀಡರ್. ಬಟ್ಟೆಪೆಟ್ಟಿಗೆಗೆ ಸರಿ, ತಂಬಾಕಿಗೆ ಬೇಡ, ರುಚಿ ಕೆಡುತ್ತದೆ.

ಅಂದಹಾಗೆ ಸ್ಪ್ಯಾನಿಷ್ ಸೀಡರ್ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ಬೇವಿನ ಕುಟುಂಬದ್ದು. ನಮ್ಮ ಪಶ್ಚಿಮ ಘಟ್ಟದ ಗಂಧಗರಿಗೆ ಅದರ ಹತ್ತಿರದ ನೆಂಟ. ಶೇ. 70ರ ತೇವದಲ್ಲೂ ಅಷ್ಟಾಗಿ ಸೊಟ್ಟಗಾಗುವುದಿಲ್ಲ, ಅದಕ್ಕೇ ಈ ಕೆಲಸಕ್ಕೆ ಬಂತು. ಒಳಗೆ ಅಂಟಂಟು ಹನಿ ಕಂಡರೆ ಗಾಬರಿ ಬೇಡ. ಅದು ಮರದ್ದೇ ರಾಳ, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಬಳಸಿ.