ಹಡಗಿನ ಪಟ್ಟಿ ಆಮೇಲೆ ನೋಡಿ, ಮೊದಲು ಮನೆಯ ಹೊಲದ ಕಾಗದ ತೆಗೆಯಿರಿ

ನಿಮ್ಮ ಮುತ್ಯಾನ ಅಣ್ಣ ಬರಗಾಲದಲ್ಲಿ ಯಾದಗಿರಿ ಕಡೆಯಿಂದ ಆಫ್ರಿಕಾದ ನಟಾಲ್‌ಗೆ ಹೋದರಂತೆ, ಹಡಗಿನ ಪಟ್ಟಿಯಲ್ಲಿ ಅವರ ಹೆಸರನ್ನು ದುಡ್ಡು ಕೊಟ್ಟು ಹುಡುಕಿಸೋದಾ, ನಾವೇ ಹುಡುಕೋದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮನೆಯಲ್ಲಿ ಹಳೆಯ ಹೊಲದ ಕಾಗದ ಏನಾದರೂ ಇದೆಯಾ, ಅದನ್ನು ನೋಡಿ.

ನಮ್ಮದು ಸುರಪುರ ತಾಲೂಕು. ನಮ್ಮ ಮನೆಯಲ್ಲೂ ಇದೇ ಕಥೆ. ಸಾಬಣ್ಣ ಅನ್ನುವವರಿಗೆ ಇಬ್ಬರು ಗಂಡು ಮಕ್ಕಳು. ದೊಡ್ಡವನು ಭೀಮಪ್ಪ, ಚಿಕ್ಕವನು ನಮ್ಮ ವಂಶದ ಮೂಲ. ದೊಡ್ಡ ಬರ ಬಿದ್ದಾಗ ಭೀಮಪ್ಪ ಯಾದಗಿರಿ ತನಕ ನಡೆದು ಹೋಗಿ, ಅಲ್ಲಿ ಮದ್ರಾಸಿನ ರೈಲು ಹತ್ತಿದ, ಅಲ್ಲಿಂದ ಹಡಗು. ಆಮೇಲೆ ಸುದ್ದಿಯೇ ಇಲ್ಲ. ನಮ್ಮ ಆಯಿ ಇದನ್ನು ಹೇಳುವಾಗ ಪ್ರತಿ ಸಲವೂ ಬರ, ರೈಲು ಎರಡನ್ನೂ ಬಿಡದೆ ಹೇಳುತ್ತಿದ್ದಳು. ಈ ಎರಡು ಮಾತು ನೆನಪಿಟ್ಟುಕೊಳ್ಳಿ.

ಟ್ರಂಕಿನಲ್ಲಿ ಪಾರ್ಸಿ, ಅಂದರೆ ಪರ್ಷಿಯನ್ ಭಾಷೆಯ ಒಂದು ಕಾಗದ ಇತ್ತು. ಕಲಬುರಗಿಯಲ್ಲಿ ಪಾರ್ಸಿ ಬಲ್ಲ ಹಿರಿಯರೊಬ್ಬರ ಹತ್ತಿರ ಓದಿಸಿದೆ. ಅಣ್ಣ ಪರದೇಶಕ್ಕೆ ಹೋಗಿದ್ದಾನೆ, ಅವನ ಪಾಲು ತಮ್ಮನ ಹೆಸರಿಗೆ ಮಾಡಿಕೊಡಬೇಕು ಅನ್ನುವುದು ಅದರ ಸಾರ. ಇಸವಿ 1290. ಅವರು ಅಂಕಿ ಓದಿದರು, ನಾನು ಬರೆದುಕೊಂಡೆ. ಪಾರ್ಸಿ ಕಾಗದ, ನಿಜಾಮನ ರಾಜ್ಯ, ಅಂದಮೇಲೆ ಹಿಜರಿ ಇಸವಿಯೇ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಹಿಜರಿ 1290 ಅಂದರೆ 1873.

ನಮ್ಮನ್ನು ದಾರಿ ತಪ್ಪಿಸಿದ್ದು ಇದೊಂದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಭಾಗದವರು ಯಾರು ಹುಡುಕಿದರೂ ಇಲ್ಲೇ ಎಡವುತ್ತಾರೆ. ಹೈದರಾಬಾದ್ ರಾಜ್ಯದಲ್ಲಿ ಹೊಲ, ಕಂದಾಯದ ಲೆಕ್ಕವೆಲ್ಲ ಫಸಲಿ ಇಸವಿಯಲ್ಲಿ ನಡೆಯುತ್ತಿತ್ತು. ಫಸಲು ಬಂದಾಗ ತಾನೆ ಕಂದಾಯ ಕಟ್ಟೋದು? ಹಿಜರಿ ಚಂದ್ರನ ಲೆಕ್ಕ. ಅದರ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ಬೆಳೆಯ ಕಾಲಕ್ಕೆ ಹೊಂದುವುದಿಲ್ಲ. ಅದಕ್ಕೇ ಮೊಗಲರ ಕಾಲದಲ್ಲಿ ಹಿಜರಿ ಅಂಕಿಯನ್ನೇ ಇಟ್ಟುಕೊಂಡು ಸೂರ್ಯನ ಲೆಕ್ಕದಲ್ಲಿ ಎಣಿಸತೊಡಗಿದರು. ಎರಡರ ಅಂಕಿ ಹತ್ತಿರ ಹತ್ತಿರ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ನಮ್ಮ ಕಡೆಯ ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ, ವರ್ಷ ಶುರುವಾಗುವ ತಿಂಗಳು ಬೇರೆ ಆದ್ದರಿಂದ ಒಂದು ವರ್ಷ ಆಚೀಚೆ. ಫಸಲಿ 1290 ಅಂದರೆ 1880-81. ಹಿಜರಿಗೂ ಅದಕ್ಕೂ ಏಳು ವರ್ಷ ಅಂತರ. ಏಳೇ ವರ್ಷ ತಾನೆ ಅನ್ನಿಸಬಹುದು. ಆದರೆ ಆ ಏಳು ವರ್ಷದೊಳಗೇ ಬರ ಬಂದು ಹೋಗಿದೆ.

ನಟಾಲ್‌ಗೆ ಕಬ್ಬಿನ ತೋಟದ ಕೂಲಿಗೆ ಜನ ಹೋಗಲು ಶುರುವಾದದ್ದು 1860ರಲ್ಲಿ. ಮದ್ರಾಸಿನಿಂದ ಟ್ರೂರೋ ಅನ್ನುವ ಹಡಗು ಆ ವರ್ಷ ನವೆಂಬರ್ 16ಕ್ಕೆ ನಟಾಲ್‌ನ ಡರ್ಬನ್ ಬಂದರು ಮುಟ್ಟಿತು. 1866ಕ್ಕೆ ಇದು ನಿಂತಿತು. ಮತ್ತೆ ಶುರುವಾದದ್ದು 1874ರಲ್ಲಿ, ಆಮೇಲೆ 1911ರ ತನಕ ನಡೆಯಿತು. ಒಟ್ಟು 1,52,184 ಜನ. ಈಗ ನನ್ನ ಲೆಕ್ಕ ನೋಡಿ. 1873ಕ್ಕೆ ಭೀಮಪ್ಪ ಆಗಲೇ ಪರದೇಶದಲ್ಲಿದ್ದಾನೆ. 1866ರಿಂದ 74ರ ತನಕ ಹಡಗಿಲ್ಲ. ಹಾಗಾದರೆ ಅವನು 1860-66ರ ನಡುವೆಯೇ ಹೋಗಿರಬೇಕು! ನನಗೆ ಅದು ಎಷ್ಟು ಸರಿ ಅನ್ನಿಸಿತು ಅಂದರೆ ಬೇರೆ ವರ್ಷದ ಪಟ್ಟಿ ತೆರೆಯಲೇ ಇಲ್ಲ.

ಆದರೆ ಬಾಂಬೆ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಲ್ಲಿ ಕೂಡಿದ್ದು 1871ರಲ್ಲಿ. ಅದಕ್ಕೂ ಮೊದಲು ಯಾದಗಿರಿಯಿಂದ ಮದ್ರಾಸಿಗೆ ರೈಲೇ ಇಲ್ಲ. ಇನ್ನು ದೊಡ್ಡ ಬರ ಅಂದರೆ 1876-78ರ ಧಾತು, ಈಶ್ವರ ಸಂವತ್ಸರದ ಬರ. ಆಯಿ ಹೇಳಿದ ಎರಡೂ ಮಾತು ನನ್ನ ಲೆಕ್ಕವನ್ನು ಹೊಡೆದು ಹಾಕುತ್ತಿದ್ದವು. ಹಿರಿಯರು ಕಥೆಗೆ ಉಪ್ಪುಖಾರ ಹಚ್ಚಿದ್ದಾರೆ ಅಂದುಕೊಂಡು ನಾನು ಕಾಗದವನ್ನು ನಂಬಿದೆ, ಆಯಿಯನ್ನು ಬಿಟ್ಟೆ.

1860ರ ದಶಕದ ಪಟ್ಟಿಯಲ್ಲಿ ಒಬ್ಬ 'ಭೀಮ' ಸಿಕ್ಕಿದ. ವಯಸ್ಸು ಹೊಂದುತ್ತಿತ್ತು, ಜಿಲ್ಲೆ ಹೈದರಾಬಾದ್, ಊರಿನ ಹೆಸರು ಮಾಸಿತ್ತು. ಸಾಕಾಯಿತು. ಅವನ ವಂಶದವರು ಡರ್ಬನ್ನಿನಲ್ಲಿದ್ದರು, ಅವರೂ ಊರು ಹುಡುಕುತ್ತಿದ್ದರು. ಪತ್ರ ಬರೆದೆವು, ಫೋನು ಮಾಡಿದೆವು, ಅವರು ಬಂದರು. ಆಯಿ ಆ ಮನೆಯ ಹೆಣ್ಣುಮಕ್ಕಳಿಗೆ ಉಡಿ ತುಂಬಿದಳು. ಅವರ ಹಿರಿಯರು ನಮ್ಮ ಹೊಲದ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು.

ಆಮೇಲೆ ಯಾವುದೋ ಹೊಲದ ತಕರಾರಿಗೆ ಅದೇ ಕಾಗದವನ್ನು ನಿವೃತ್ತ ಪೇಷ್ಕಾರರೊಬ್ಬರಿಗೆ ತೋರಿಸಬೇಕಾಯಿತು. ಅವರು ಕನ್ನಡಕ ಸರಿ ಮಾಡಿಕೊಂಡು, 1290ರ ಪಕ್ಕದ ಒಂದು ಸಣ್ಣ ಗುರುತಿನ ಮೇಲೆ ಬೆರಳಿಟ್ಟರು. 'ಇದು ಫೇ ಅಕ್ಷರ. ಫಸಲಿ. ಹಿಜರಿ ಆಗಿದ್ದರೆ ಹೇ ಇರುತ್ತಿತ್ತು ನೋಡ್ರಿ.' ನಾನು ಅಲ್ಲೇ ಕೂತು 590 ಕೂಡಿಸಿದೆ. ಬರ, ರೈಲು ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಡರ್ಬನ್ನಿನವರಿಗೆ ನಾನೇ ಫೋನು ಮಾಡಿ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತೇ ಇರಲಿಲ್ಲ. ಅವರ ಭೀಮನ ಆಚೀಚೆಯ ಸಾಲುಗಳನ್ನು ಮತ್ತೆ ನೋಡಿದಾಗ ಎಲ್ಲರೂ ತೆಲುಗು ಸೀಮೆಯ ಊರಿನವರು. ಒಂದೇ ಕಡೆಯಿಂದ ಒಟ್ಟಿಗೆ ಕರೆತಂದವರಿಗೆ ಬಹಳ ಸಲ ಒಂದರ ಹಿಂದೆ ಒಂದು ನಂಬರು ಬಿದ್ದಿರುತ್ತದೆ. ಮೊದಲೇ ಮೇಲೆ ಹತ್ತು, ಕೆಳಗೆ ಹತ್ತು ಸಾಲು ಓದಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ. ಅವರು ಈಗ ಆ ಕಡೆ ಹುಡುಕುತ್ತಿದ್ದಾರೆ, ನಾನೂ ಕೈಲಾದಷ್ಟು ಸಹಾಯ ಮಾಡುತ್ತಿದ್ದೇನೆ. ಆಯಿಗೆ ನಿಜ ಹೇಳುವ ಹೊತ್ತಿಗೆ ಅವಳು ಇರಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಹಡಗಿನ ಪಟ್ಟಿ ಇರುವುದು ತಾಳೆ ನೋಡೋದಕ್ಕೆ. ಬರೀ ಹೆಸರು ಹಿಡಿದುಕೊಂಡು ಹೋದರೆ ನೂರು ಜನ ಭೀಮ, ನೂರು ಜನ ಮಲ್ಲ ಸಿಗುತ್ತಾರೆ. ಅಡ್ಡಹೆಸರು ಅನ್ನೋದೇ ಇಲ್ಲ. ಆದರೆ ನಟಾಲ್ ಪಟ್ಟಿಯಲ್ಲಿ ತಂದೆಯ ಹೆಸರಿದೆ, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ಠಾಣೆ, ಊರು, ಮೈಮೇಲಿನ ಗುರುತು ಇದೆ. ತಂದೆಯ ಹೆಸರು ಗೊತ್ತಿಲ್ಲದೆ ಅದನ್ನು ತೆರೆಯಲೇ ಬೇಡಿ ಅಂತ ನಾನು ಹೇಳುತ್ತೇನೆ. ಮನೆಯ ಹಿರಿಯರನ್ನು ಕೂರಿಸಿ ಕೇಳಿ. ಮದುವೆ, ಸಾವು, ಬರ, ರೈಲು, ಯಾವ ಸಂವತ್ಸರ, ಎಲ್ಲ ಬರೆದುಕೊಳ್ಳಿ. ಸಂವತ್ಸರ 60 ವರ್ಷಕ್ಕೊಮ್ಮೆ ಅದೇ ಹೆಸರಲ್ಲಿ ಬರುತ್ತದೆ ಅನ್ನುವುದು ಮಾತ್ರ ನೆನಪಿರಲಿ, ಧಾತು 1876ರಲ್ಲೂ ಇತ್ತು, 1936ರಲ್ಲೂ ಇತ್ತು. ಮನೆಯಲ್ಲಿ ಕಾಗದ ಇಲ್ಲದಿದ್ದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸೇತ್ವಾರ್, ಅಂದರೆ ಹೊಲಗಳ ಹಳೆಯ ಸರ್ವೆ ಪುಸ್ತಕ ಕೇಳಿ. ನಿಜಾಮನ ಕಾಲದ ಸರ್ಕಾರಿ ಕಾಗದಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದಲ್ಲೂ ಇವೆ.

ಊರಿನ ಹೆಸರಿನ ವಿಷಯದಲ್ಲಿ ಕಲಬುರಗಿ, ಯಾದಗಿರಿ ಅಂತ ಈಗಿನ ಹಾಗೆ ಬರೆದಿರುತ್ತಾರೆ ಅಂತ ಕಾಯಬೇಡಿ. ಸುರಪುರವನ್ನು ಇಂಗ್ಲಿಷರು ಶೋರಾಪುರ ಅಂತಲೇ ಬರೆಯುತ್ತಿದ್ದರು. ಅದು 1858ರ ದಂಗೆಯ ತನಕ ನಾಯಕರ ಸಂಸ್ಥಾನ, 1860ರಲ್ಲಿ ನಿಜಾಮನಿಗೆ ಹೋಯಿತು. ಹಾಗಾಗಿ ಒಬ್ಬ ಗುಮಾಸ್ತ ಜಿಲ್ಲೆಯ ಕಡೆ ಹೈದರಾಬಾದ್ ಬರೆದರೆ, ಇನ್ನೊಬ್ಬ ಶೋರಾಪುರ ಬರೆದಿರಬಹುದು.

ದುಡ್ಡು ಕೊಡುವ ಮಾತು. ನಾನು ಒಮ್ಮೆ ಕೊಟ್ಟಿದ್ದೆ. ಬಂದದ್ದು ಯಾರು ಬೇಕಾದರೂ ನೋಡಬಹುದಾದ ಪಟ್ಟಿಯ ಒಂದು ಸಾಲು, ಚಂದದ ಚೌಕಟ್ಟಿನಲ್ಲಿ. ದಯವಿಟ್ಟು ಕೊಡಬೇಡಿ. ಒಬ್ಬ ಮನುಷ್ಯನನ್ನು ಪಟ್ಟಿಯಲ್ಲಿ ಗುರುತಿಸಿದ ಮೇಲೆ ಅವನ ಕಲೋನಿಯಲ್ ನಂಬರು, ಅಂದರೆ ನಟಾಲ್ ಸರ್ಕಾರ ಒಬ್ಬೊಬ್ಬ ಕೂಲಿಗೂ ಕೊಟ್ಟ ನಂಬರು ಸಿಗುತ್ತದೆ, ಅದೇ ನಿಜವಾದ ಬೀಗದ ಕೈ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ಪತ್ರಾಗಾರದಲ್ಲಿ ವಲಸೆ ಇಲಾಖೆಯ ಕಾಗದಗಳಿವೆ. ಯಾವ ತೋಟಕ್ಕೆ ಹೋದ, ಏನಾದ ಅನ್ನುವುದು ಆ ನಂಬರಿನ ಮೇಲೇ ತೆರೆದುಕೊಳ್ಳಬೇಕು. ಐದು ವರ್ಷದ ಕರಾರು, ಮೊದಲ ವರ್ಷ ತಿಂಗಳಿಗೆ 10 ಶಿಲ್ಲಿಂಗ್ ಕೂಲಿ, ಹತ್ತು ವರ್ಷ ಕಳೆದರೆ ಪುಕ್ಕಟೆ ವಾಪಸು ಬರುವ ಹಕ್ಕು. ಬಹಳ ಜನ ವಾಪಸೂ ಬಂದಿದ್ದಾರೆ, ಆದ್ದರಿಂದ ಹೋದ ಪಟ್ಟಿಯ ಜೊತೆ ಬಂದ ಪಟ್ಟಿಯನ್ನೂ ನೋಡಿ. ಅಲ್ಲಿ ಉಳಿದವರ ಮಕ್ಕಳ ಹಳೆಯ ಜನನ, ಮದುವೆ ದಾಖಲೆಗಳಲ್ಲೂ ಈ ನಂಬರು ಇರುತ್ತದೆ.

ನಟಾಲ್ ಅನ್ನುವುದು ನಿಮಗೆ ಎಷ್ಟು ಖಾತ್ರಿ? ನಮ್ಮ ಕಡೆ ಹಡಗು ಹತ್ತಿದವರೆಲ್ಲ ಆಫ್ರಿಕಾಕ್ಕೇ ಹೋದರು ಅನ್ನುತ್ತಾರೆ. ಮಾರಿಷಸ್ ಇರಬಹುದು, ಅಲ್ಲಿಗೆ ಬಾಂಬೆಯಿಂದಲೂ ಹಡಗು ಹೋಗುತ್ತಿತ್ತು, ದಾಖಲೆಗಳು ಮಾರಿಷಸ್ಸಿನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಧಾತು ಬರದಲ್ಲೇ ಹೋದವರಾದರೆ ಫಿಜಿಯನ್ನು ಬಿಡಿ. ಮದ್ರಾಸಿನಿಂದ ಫಿಜಿಗೆ ಹಡಗು ಶುರುವಾದದ್ದೇ 1903ರಲ್ಲಿ.

ನಮ್ಮ ಭೀಮಪ್ಪನ ವಿಷಯಕ್ಕೆ ಬಂದರೆ, 1870ರ ದಶಕದ ಕೊನೆಯ ಒಂದು ಪಟ್ಟಿಯಲ್ಲಿ 'ಭೀಮ, ತಂದೆ ಸಾಬನ, ಶೋರಾಪುರ' ಅಂತ ಒಂದು ಸಾಲಿದೆ. ಅದರ ಕೆಳಗಿನ ಇಬ್ಬರೂ ಅದೇ ಕಡೆಯವರು. ವಯಸ್ಸು ಸ್ವಲ್ಪ ಹೊಂದುವುದಿಲ್ಲ. ಅದಕ್ಕೇ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ತೋಟದ ದಾಖಲೆ ಬರಲಿ ಅಂತ ಕಾಯುತ್ತಿದ್ದೇನೆ.

ನಿಮ್ಮ ಕಾಗದ ಸಿಕ್ಕರೆ ಇಸವಿಯ ಪಕ್ಕದ ಆ ಸಣ್ಣ ಅಕ್ಷರದ ಫೋಟೊ ತೆಗೆಯಿರಿ. ಅದು, ತಂದೆಯ ಹೆಸರು, ಊರು, ಈ ಮೂರು ಕೈಯಲ್ಲಿದ್ದರೆ ನನಗೆ ಬರೆಯಿರಿ. ಪಟ್ಟಿಯನ್ನು ಜೊತೆಗೆ ಕೂತು ನೋಡೋಣ.