ಮೂರು ವಾರದ ಬಾತುಮರಿ ರಾತ್ರಿ ಹೊರಗಿರಬಹುದಾ?

ಯಲಹಂಕದ ಮನೆ ಹಿತ್ತಲು, ಮೂರು ವಾರದ ಐದು ಮರಿ, ಈ ಡಿಸೆಂಬರ್‌ನಲ್ಲೇ ರಾತ್ರಿಯೂ ಹೊರಗೆ ಬಿಡಬಹುದಾ ಅಂತ ಕೇಳಿದ್ದೀರಿ. ಬೇಡ. ಬಿಸಿಲಿದ್ದಾಗ ಒಂದೆರಡು ಗಂಟೆ ಬಿಡಿ, ಸಂಜೆಗೆ ಒಳಗೆ ತನ್ನಿ. ಮೈಮೇಲೆ ಇನ್ನೂ ಮರಿತುಪ್ಪಳವೇ ಇರುತ್ತದೆ, ಪೂರ್ತಿ ಗರಿ ಬರಲು 7-8 ವಾರ ಬೇಕು, ನಮ್ಮೂರಲ್ಲಿ ಬೆಳಗಿನ ಜಾವ 15-16 ಡಿಗ್ರಿಗೆ ಇಳಿಯುತ್ತದೆ ಅಲ್ವಾ. ಬಲ್ಬಿನ ಬಿಸಿ ಮೊದಲ ವಾರ ಸುಮಾರು 32 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರರಂತೆ ಇಳಿಸಿ. ಮರಿಗಳು ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ.

ಟಬ್ಬಿನಲ್ಲಿ ಈಜಲು ಬಿಡುವ ಆತುರ ಬೇಡ. ತಾಯಿ ಇಲ್ಲದೆ ಬೆಳೆದ ಮರಿಯ ತುಪ್ಪಳ ನೀರು ಕುಡಿದುಬಿಡುತ್ತದೆ. ನಾನೂ ಹಾಗೆ ಬಿಟ್ಟು, ಆಮೇಲೆ ಒಂದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಅರ್ಧ ರಾತ್ರಿ ಕೂತಿದ್ದೆ! ಕುಡಿಯುವ ನೀರು ಮಾತ್ರ ಮೂಗು ಮುಳುಗುವಷ್ಟು ಆಳ ಇರಲಿ.

ಕೋಳಿಮರಿ ಫೀಡ್ ಹಾಕುತ್ತಿದ್ದರೆ ನಯಾಸಿನ್ ಅನ್ನೋ ಬಿ ವಿಟಮಿನ್ ಸಾಲದೆ ಕಾಲು ಸೊಟ್ಟಗಾಗಬಹುದು, ಅದು ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಸ್ವಲ್ಪ ಬೆರೆಸಿ. ಬ್ರೆಡ್ ಸುಮ್ನೆ ಹೊಟ್ಟೆ ತುಂಬಿಸುತ್ತದೆ ಅಷ್ಟೇ.

ಹಗಲಲ್ಲೂ ಮೇಲೆ ಬಲೆ ಹಾಕಿ, ಹದ್ದು ಸುಮ್ಮನಿರುವುದಿಲ್ಲ. ಮುಂದೆ ರಾತ್ರಿ ಗೂಡಿಗೆ ಹಾಕುವಾಗ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಬೇಕು, ಅದನ್ನು ನೆಲದೊಳಗೂ ಒಂದಡಿ ಹೂಳಿ, ಹೆಗ್ಗಣ ಕೆಳಗಿಂದಲೇ ಬರುತ್ತದೆ.